ದೂರವಾಣಿನಗರದಿಂದ ಕಿತ್ತೂರಿಗೆ

ರೇಡಿಯೋ ಪೆಟ್ಟಿಗೆಯ ಮುಂದೆ ಕುಳಿತವರಿಗೆಲ್ಲ ಒಂದು ಅನುಭವ ಸಾಮಾನ್ಯ. ಧಾರವಾಡದ ನಿಲಯದಿಂದ ಮಾತನಾಡುವವರ ಮಾತು ನಮ್ಮ ಪಡಸಾಲೆಯವರೆಗೆ ಬಂದು ಮುಟ್ಟುತ್ತದೆ. ಅದನ್ನು ಕೇಳಿ ನಮಗೆ ತೋಚಿದ ಮರುಮಾತು ಮಾತ್ರ ಪಡಸಾಲೆಯಲ್ಲಿಯೇ ಉಳಿಯುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡಬೇಕಾದರೆ ರೇಡಿಯೋ ಸಾಲದು, ಟೆಲಿಫೋನ್ ಬೇಕು. ಧಾರವಾಡದ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಅದೇ ತಿಂಗಳು ಬೆಂಗಳೂರಿನಲ್ಲಿ ಟೆಲಿಫೋನ್ ತಯಾರಿಸುವ ಒಂದು ಸರಕಾರಿ ಕಾರಖಾನೆ ಕಂಪನಿಯಾಗಿ ನೋಂದಣಿ ಪಡೆಯಿತು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬುದು ಅದರ ಹೆಸರು. ಜನರ ಬಾಯಲ್ಲಿ ಅದು ಐ.ಟಿ.ಐ. ಈ ಕಂಪನಿ ಹೇಗೆ ಬೆಳೆಯಿತು, ಯಾರ ಸಲುವಾಗಿ ಬೆಳೆಯಿತು ಎಂಬುದನ್ನು ಬೆಂಗಳೂರಿನಿಂದ ನೋಡಿ ಬರೆದವರು ಉಂಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಿಂದ ನೋಡಿದರೆ ಆ ಕಥೆ ಬೇರೆಯಾಗಿಯೇ ಕಾಣುತ್ತದೆ. ಕಿತ್ತೂರಿಗಂತೂ ಅದರಲ್ಲಿ ಒಂದು ಮುಖ್ಯ ಪಾತ್ರವಿದೆ.

ಮೊದಲು ತಂತಿಯಿಲ್ಲದ ಕಾಲವನ್ನು ಒಂದಿಷ್ಟು ನೆನೆಯೋಣ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಮಡಿದ. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಈ ಸುದ್ದಿ ಹೊರಗೆ ಹೋಗಬೇಕಾದರೆ ಟಪಾಲಿನವನ ಕಾಲು, ಇಲ್ಲವೆ ಸವಾರನ ಕುದುರೆ, ಇವೆರಡೇ ಸಾಧನ. ರಾಣಿ ಚೆನ್ನಮ್ಮನ ಪತ್ರಗಳೂ ಕಮಿಷನರ ಚಾಪ್ಲಿನ್ನನ ಉತ್ತರಗಳೂ ಅದೇ ದಾರಿಯಲ್ಲಿ ಓಡಾಡಿದವು. ಕಂಪನಿ ಸರಕಾರದ ದಂಡು ಕೂಡಿ ಬಂದು ಕೋಟೆ ಬೀಳುವ ಹೊತ್ತಿಗೆ ಡಿಸೆಂಬರ್ ತಿಂಗಳು ಬಂದಿತ್ತು. ಸುದ್ದಿಯ ನಡಿಗೆ ನಿಧಾನವಾಗಿದ್ದುದರಿಂದ ಕಿತ್ತೂರಿಗೆ ಆರು ವಾರಗಳ ಸ್ವಾತಂತ್ರ್ಯ ದಕ್ಕಿತೆಂದು ಹೇಳಿದರೆ ಅದು ಪೂರ್ಣ ಸತ್ಯವಾಗಲಾರದು. ಆದರೆ ಅದರಲ್ಲಿ ಸತ್ಯಾಂಶ ಇಲ್ಲದೆಯೂ ಇಲ್ಲ. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿ 2ರಂದು ಅಲ್ಲಿಯೇ ಆಕೆಯ ದೇಹಾಂತವಾಯಿತು.

ಇದಾದ ಮೂವತ್ತು ವರುಷಗಳಲ್ಲಿ ತಂತಿ ಬಂದಿತು. ಓಶಾಘ್ನೆಸಿ ಎಂಬ ವೈದ್ಯನು 1851ರಲ್ಲಿ ಕಲಕತ್ತೆಯಿಂದ ಡೈಮಂಡ್ ಹಾರ್ಬರಿನವರೆಗೆ ಹಾಕಿದ ತಂತಿ ಕೆಲವೇ ವರುಷಗಳಲ್ಲಿ ದೇಶದ ಮುಖ್ಯ ನಗರಗಳನ್ನೆಲ್ಲ ಜೋಡಿಸಿತು. ಮುಂಬಯಿಯಿಂದ ಮದರಾಸಿಗೆ ಹೋಗುವ ತಂತಿ ಬೆಳಗಾವಿ, ಧಾರವಾಡ, ಬಳ್ಳಾರಿಗಳ ಮೇಲೆ ಹಾದು ಹೋಯಿತು. ಅದು ದಂಡಿನ ಠಾಣ್ಯಗಳನ್ನು ಹುಡುಕಿಕೊಂಡು ಹೋಯಿತೇ ಹೊರತು ಸಂತೆಯ ಊರುಗಳನ್ನಲ್ಲ. 1858ರ ಮೇ ತಿಂಗಳ ಕೊನೆಯಲ್ಲಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ ರಾಮದುರ್ಗಕ್ಕೆ ಬಂದಿದ್ದ. ನರಗುಂದದ ಬಾಬಾಸಾಹೇಬನ ವಿಷಯವಾಗಿ ರಾಮದುರ್ಗದ ಅಧಿಪತಿಯಿಂದ ಅವನಿಗೆ ಎಚ್ಚರಿಕೆಯ ಮಾತು ಸಿಕ್ಕಿತು. ಆದರೆ ರಾಮದುರ್ಗದಲ್ಲಿ ತಂತಿಯ ಕಚೇರಿ ಎಲ್ಲಿಯದು? ದಂಡು ಕಳಿಸಿರೆಂದು ಅವನು ಬರೆದ ಚೀಟಿ ಕೈಯಿಂದ ಕೈಗೆ ಹೋಗಬೇಕಾಯಿತು. ಆ ಚೀಟಿಯ ಫಲ ಬರುವ ಮೊದಲೇ ಸುರೇಬಾನದಲ್ಲಿ ಅವನು ಹತನಾದ. ಸಾಮ್ರಾಜ್ಯದ ಅಷ್ಟು ಉದ್ದದ ತಂತಿ ಕೆಲವು ಹರದಾರಿ ಆಚೆಯೇ ಹಾದುಹೋಗಿತ್ತು.

ರೈಲು ಬಂದಾಗಲೂ ಹೀಗೆಯೇ ಆಯಿತು. ಸದರ್ನ್ ಮರಾಠಾ ರೈಲ್ವೆಯ ಹಳಿ ಬೆಳಗಾವಿ, ಧಾರವಾಡಗಳಿಗೆ ಹೋಯಿತು. ಈ ನಾಲ್ಕು ಊರುಗಳನ್ನೂ ಬಿಟ್ಟುಹೋಯಿತು. ಬೈಲಹೊಂಗಲದ ಹತ್ತಿ, ರಾಮದುರ್ಗದ ನೇಕಾರರ ಸೀರೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುವ ಯಾತ್ರಿಕರು, ಎಲ್ಲವೂ ಚಕ್ಕಡಿಯ ಮೇಲೆ, ಮುಂದೆ ಮೋಟಾರಿನ ಮೇಲೆ ಸಾಗಬೇಕಾಯಿತು. ಹೆದ್ದಾರಿಯೊಂದು ಕಿತ್ತೂರಿನ ಪಕ್ಕಕ್ಕೆ ಹಾಯ್ದದ್ದೇ ಸಮಾಧಾನ.

ಇನ್ನು ಟೆಲಿಫೋನಿನ ಒಡೆತನದ ಮಾತು. ಭಾರತದಲ್ಲಿ ಈ ವ್ಯವಹಾರವನ್ನು ಮೊದಲು ಹಿಡಿದವರು ಖಾಸಗಿಯವರು. ಇಂಗ್ಲೆಂಡಿನ ಓರಿಯಂಟಲ್ ಟೆಲಿಫೋನ್ ಕಂಪನಿ 1881ರಲ್ಲಿ ಪರವಾನಿಗೆ ಪಡೆಯಿತು; 1882ರ ಜನವರಿಯಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳ ಎಕ್ಸ್‌ಚೇಂಜುಗಳು ತೆರೆದವು. ಲಾಭವಿದ್ದ ಮಹಾನಗರಗಳು ಕಂಪನಿಗಳ ಪಾಲಿಗೆ, ಉಳಿದ ದೇಶ ಸರಕಾರದ ತಂತಿ ಇಲಾಖೆಯ ಪಾಲಿಗೆ ಎಂಬಂತೆ ಅರವತ್ತು ವರುಷ ನಡೆಯಿತು. 1943ರಲ್ಲಿ ಸರಕಾರ ಆ ಮೂರೂ ನಗರಗಳ ಕಂಪನಿಗಳನ್ನು ಕೊಂಡುಕೊಂಡು ಅಂಚೆ ತಂತಿ ಇಲಾಖೆಗೆ ಸೇರಿಸಿತು. ಸ್ವಾತಂತ್ರ್ಯ ಬಂದಾಗ ಇಡೀ ದೇಶದ ಟೆಲಿಫೋನುಗಳ ಸಂಖ್ಯೆ ಒಂದು ಲಕ್ಷಕ್ಕೂ ಕಡಿಮೆ. ಅವುಗಳಿಗೆ ಬೇಕಾದ ಸಾಮಾನು ಬಹುಮಟ್ಟಿಗೆ ಹಡಗಿನ ಮೇಲೆ ಬರುತ್ತಿತ್ತು.

ಈ ಪರಾವಲಂಬನೆಯನ್ನು ನೀಗಲೆಂದು 1948ರಲ್ಲಿ ಭಾರತ ಸರಕಾರ ಲಿವರ್‌ಪೂಲ್ ನಗರದ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಇಲೆಕ್ಟ್ರಿಕ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಬೆಂಗಳೂರಿನ ಹೊರಗೆ, ಕೃಷ್ಣರಾಜಪುರದ ಹತ್ತಿರ ಕಾರಖಾನೆ ತೆರೆಯಿತು. ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, ಪಾಲನ್ನೂ ಹಿಡಿಯಿತು. 1950ರಲ್ಲಿ ಕಂಪನಿಯಾದಾಗ ಪಾಲುದಾರರು ಮೂವರು: ದೊಡ್ಡ ಪಾಲು ಭಾರತ ಸರಕಾರದ್ದು, ಸಣ್ಣ ಪಾಲುಗಳು ಮೈಸೂರು ಸರಕಾರ ಮತ್ತು ಲಿವರ್‌ಪೂಲಿನವರದು. ಕಾರಖಾನೆಯ ಸುತ್ತ ಎದ್ದ ಬಡಾವಣೆಗೆ ದೂರವಾಣಿನಗರ ಎಂದು ಹೆಸರಿಟ್ಟರು. ಆ ಹೆಸರು ಇಟ್ಟವರ ಕಿವಿ ಒಳ್ಳೆಯದು. ಜನ ಫೋನು, ಪೋನು ಎನ್ನುತ್ತಿದ್ದ ಕಾಲದಲ್ಲಿ ಊರಿನ ಹೆಸರಾಗಿ ಆ ಕನ್ನಡ ಶಬ್ದ ಬಸ್ಸಿನ ಫಲಕ ಏರಿತು.

ಅಲ್ಲಿ ತಯಾರಾಗುತ್ತಿದ್ದ ವಸ್ತುಗಳಲ್ಲಿ ನಾವು ಬಲ್ಲದ್ದು ಮೇಜಿನ ಮೇಲಿನ ಕರಿಯ ಫೋನು ಒಂದೇ. ನಿಜವಾದ ಬಂಡವಾಳ ಮತ್ತು ಜಾಣ್ಮೆ ಕೂಡಿದ್ದು ಎಕ್ಸ್‌ಚೇಂಜಿನ ಯಂತ್ರದಲ್ಲಿ. ಆಗಿನ ಪದ್ಧತಿಗೆ ಸ್ಟ್ರೌಜರ್ ಪದ್ಧತಿ ಎಂದು ಹೆಸರು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿ ಮಾಡುತ್ತಿದ್ದ ಸ್ಟ್ರೌಜರ್, ಎಕ್ಸ್‌ಚೇಂಜಿನ ಹೆಣ್ಣುಮಗಳು ತನಗೆ ಬರುವ ಕರೆಗಳನ್ನು ಎದುರಾಳಿಗೆ ದಾಟಿಸುತ್ತಾಳೆಂದು ಸಂಶಯಪಟ್ಟು, ಮನುಷ್ಯರ ಕೈಯೇ ಬೇಡವೆಂದು ಈ ಯಂತ್ರವನ್ನು ಕಂಡುಹಿಡಿದನೆಂಬ ಕಥೆಯಿದೆ. 1891ರಲ್ಲಿ ಅವನಿಗೆ ಅದರ ಪೇಟೆಂಟ್ ಸಿಕ್ಕಿತು. ಯಂತ್ರದ ತತ್ವ ಸರಳ. ಡಯಲಿನಲ್ಲಿ 4 ತಿರುಗಿಸಿದರೆ ತಂತಿಯಲ್ಲಿ ನಾಲ್ಕು ಮಿಡಿತಗಳು ಹೋಗುತ್ತವೆ. ಎಕ್ಸ್‌ಚೇಂಜಿನಲ್ಲಿಯ ಲೋಹದ ತೋಳೊಂದು ನಾಲ್ಕು ಮೆಟ್ಟಿಲು ಏರುತ್ತದೆ. ಮುಂದೆ 7 ತಿರುಗಿಸಿದರೆ ಅದೇ ಮಟ್ಟದಲ್ಲಿ ಅಡ್ಡಲಾಗಿ ಏಳು ಮನೆ ಸರಿದು ನಿಲ್ಲುತ್ತದೆ. ಹತ್ತು ಮಟ್ಟ, ಮಟ್ಟಕ್ಕೆ ಹತ್ತು ಮನೆ, ಒಟ್ಟು ನೂರು ಜನರ ಬಾಗಿಲು ಒಂದು ತೋಳಿಗೆ ಎಟಕುತ್ತದೆ. ತತ್ವ ಸರಳವಾದರೂ ಬಿಡಿಭಾಗಗಳು ನೂರಾರು. ಧೂಳು ಕೂತರೆ, ತೇವ ಹಿಡಿದರೆ ತೋಳು ತಪ್ಪು ಮನೆಯ ಬಾಗಿಲು ಬಡಿಯುತ್ತದೆ. ರಾಂಗ್ ನಂಬರ್ ಎಂದು ನಾವು ಬೈದುಕೊಳ್ಳುತ್ತಿದ್ದುದರಲ್ಲಿ ಎಷ್ಟೋ ತಪ್ಪು ಧೂಳಿನದು.

ಇಂಥ ಯಂತ್ರ ದೊಡ್ಡ ಪಟ್ಟಣಕ್ಕೆ ಸರಿ. ಸಣ್ಣ ಊರಿಗೆ ಉಳಿದದ್ದು ಹಿಡಿಕೆ ತಿರುಗಿಸುವ ಫೋನು, ಮತ್ತು ಹಲಗೆಯ ಮುಂದೆ ಕುಳಿತು ಗೂಟದಿಂದ ಗೂಟಕ್ಕೆ ಹುರಿ ಚುಚ್ಚುವ ಆಪರೇಟರು. ಬೇರೆ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬರೆಸಬೇಕು. ಸಾದಾ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ನಮ್ಮ ಕಾಕಾ ಹತ್ತಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸುಗ್ಗಿಯಲ್ಲಿ ಮುಂಬಯಿಯ ದರ ತಿಳಿಯಬೇಕೆಂದು ಮುಂಜಾನೆ ಕಾಲ್ ಬರೆಸಿ, ನನ್ನನ್ನು ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂಡ್ರಿಸಿ ಹೋಗುತ್ತಿದ್ದರು. "ತಮ್ಮಾ, ಹೆಸರು ಕೂಗಿದ ಕೂಡಲೇ ಓಡಿ ಬಾ, ಆಟಕ್ಕ ಹೋಗಬ್ಯಾಡ" ಎಂದು ಕಟ್ಟಪ್ಪಣೆ. ಎಷ್ಟೋ ದಿನ ಹೊತ್ತು ಮುಳುಗುವ ತನಕ ಹೆಸರು ಕೂಗುತ್ತಿರಲಿಲ್ಲ. ಅಷ್ಟರಲ್ಲಿ ರೈತರ ಚಕ್ಕಡಿಗಳು ಇಳಿದು, ಹತ್ತಿ ತೂಗಿ, ದರ ಮುಗಿದಿರುತ್ತಿತ್ತು. ದರ ತಿಳಿದವನು ಒಬ್ಬ, ತಿಳಿಯದೆ ಮಾರಿದವನು ಇನ್ನೊಬ್ಬ ಆಗುವುದಕ್ಕೆ ಆ ಒಂದು ಕರೆ ಸಾಕಾಗಿತ್ತು. ನಮ್ಮ ಮನೆಯ ದುಃಖ ಇದಕ್ಕಿಂತ ದೊಡ್ಡದು. ಅವ್ವನ ತವರಿನಿಂದ ಅಜ್ಜನಿಗೆ ಬಹಳ ಬೇನೆಯೆಂದು ಹೊರಟ ತಂತಿ ಎಲ್ಲಿಯೋ ಒಂದು ದಿನ ತಡೆದು, ನಾವು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಮುಗಿದಿತ್ತು. ಅವ್ವ ಆಮೇಲೆ ತಂತಿಯವನ ಸೈಕಲ್ ಗಂಟೆ ಕೇಳಿದರೆ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ.

ಇತ್ತ ಕಂಪನಿ ಬೆಳೆಯುತ್ತಲೇ ಇತ್ತು. ಅದರ ಬೆಳವಣಿಗೆಗೆ ಒಂದು ವಿಚಿತ್ರ ಆಧಾರ. ಕೊಳ್ಳುವ ಗಿರಾಕಿ ಒಬ್ಬನೇ, ಅವನೇ ಮಾಲಿಕ. ಅಂಚೆ ತಂತಿ ಇಲಾಖೆ ಎಷ್ಟು ಬೇಕೆಂದು ಹೇಳುತ್ತದೆ, ಕಾರಖಾನೆ ಮಾಡಿಕೊಡುತ್ತದೆ, ತಗುಲಿದ ವೆಚ್ಚದ ಮೇಲೆ ಇಷ್ಟೆಂದು ಬೆಲೆ ಕಟ್ಟುತ್ತಾರೆ. ಇಂಥ ಅಂಗಡಿಗೆ ದಿವಾಳಿಯ ಭಯವಿಲ್ಲ. ಗಿರಾಕಿಯ ಮುಖ ನೋಡಿ ಸರಕು ಸುಧಾರಿಸುವ ಅವಸರವೂ ಇಲ್ಲ. 1969ರಲ್ಲಿ ಶ್ರೀನಗರ, 1971ರಲ್ಲಿ ನೈನಿ, 1973ರಲ್ಲಿ ರಾಯಬರೇಲಿ, 1976ರಲ್ಲಿ ಪಾಲಕ್ಕಾಡು, ಎಂಬತ್ತರ ದಶಕದಲ್ಲಿ ಉತ್ತರ ಪ್ರದೇಶದ ಮನಕಾಪುರ, ಹೀಗೆ ಕಾರಖಾನೆಗಳು ಎದ್ದವು. ಈ ಊರುಗಳ ಆಯ್ಕೆಯಲ್ಲಿ ವ್ಯಾಪಾರದ ಲೆಕ್ಕಕ್ಕಿಂತ ರಾಜಕಾರಣದ ಲೆಕ್ಕ ಹೆಚ್ಚೆಂದು ಆಡಿಕೊಂಡವರಿದ್ದರು. ಪಟ್ಟಿಯನ್ನು ಓದಿದರೆ ಅವರ ಮಾತನ್ನು ತಳ್ಳಿಹಾಕುವುದು ಕಷ್ಟ. ಆದರೂ ದೂರವಾಣಿನಗರದ ಹಿರಿಮೆಯನ್ನು ಮರೆಯಬಾರದು. ಮನೆ, ಶಾಲೆ, ಆಸ್ಪತ್ರೆ, ಬಸ್ಸುಗಳೊಡನೆ ಅದು ಸಾವಿರಾರು ಕುಟುಂಬಗಳನ್ನು ಸಾಕಿತು. ಸೂಕ್ಷ್ಮ ಜೋಡಣೆಯ ಕೆಲಸಕ್ಕೆ ಹೆಣ್ಣುಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡಿತು. ಅದರ ಎಲ್ಲ ಕಾರಖಾನೆಗಳು ಕೂಡಿ ಒಂದು ಕಾಲಕ್ಕೆ ಸುಮಾರು 30,000 ಜನ ದುಡಿಯುತ್ತಿದ್ದರು.

ಕಂಪನಿಯ ಕಷ್ಟ ಆರಂಭವಾದದ್ದು ಯಂತ್ರ ಬದಲಾಯಿಸುವ ಕಾಲಕ್ಕೆ. ಸ್ಟ್ರೌಜರ್ ಹಳತಾಯಿತೆಂದು 1964ರಲ್ಲಿ ಬೆಲ್ಜಿಯಮ್ಮಿನ ಕಂಪನಿಯೊಂದರಿಂದ ಕ್ರಾಸ್‌ಬಾರ್ ಎಂಬ ಹೊಸ ಪದ್ಧತಿಯನ್ನು ತಂದರು. ಯುರೋಪಿನಲ್ಲಿ ಒಂದು ಮನೆಗೆ ಒಂದು ಫೋನು, ದಿನಕ್ಕೆ ನಾಲ್ಕಾರು ಕರೆ. ನಮ್ಮಲ್ಲಿ ಒಂದು ಫೋನಿಗೆ ಇಡೀ ಓಣಿಯೇ ವಾರಸುದಾರ. ಅಂಗಡಿಯ ಫೋನಿಗಂತೂ ಬಿಡುವೇ ಇಲ್ಲ. ಆ ಯಂತ್ರ ಈ ಭಾರವನ್ನು ತಾಳಲಿಲ್ಲ. ಮುಂಬಯಿ, ದಿಲ್ಲಿಗಳಲ್ಲಿ ತೊಂದರೆಗಳ ಸರಮಾಲೆಯಾಯಿತು. ತಿದ್ದಿ ತೀಡಿ ನಮ್ಮ ರೂಢಿಗೆ ಹೊಂದಿಸುವುದರಲ್ಲಿ ವರುಷಗಳು ಕಳೆದವು. 1982ರಲ್ಲಿ ಫ್ರಾನ್ಸಿನಿಂದ ವಿದ್ಯುನ್ಮಾನ ಎಕ್ಸ್‌ಚೇಂಜಿನ ವಿದ್ಯೆಯನ್ನು ಕೊಂಡರು. ಮನಕಾಪುರದ ಕಾರಖಾನೆ ಅದಕ್ಕಾಗಿಯೇ. ಅದು ಉತ್ತಮ ಯಂತ್ರ. ಆದರೆ ಅದು ಕೂಡ ಸಾವಿರಾರು ಫೋನುಗಳಿರುವ ನಗರದ ಯಂತ್ರ. ತಂಪು ಹವೆಯ ಕೋಣೆಯಲ್ಲಿ ಕೂಡ್ರುವಂಥದು. 1981ರ ಜನಗಣತಿಯಲ್ಲಿ ನಾವು 68 ಕೋಟಿ ಜನ. ಟೆಲಿಫೋನ್ ಸಂಪರ್ಕಗಳು ಮಾತ್ರ 30 ಲಕ್ಷ ಮುಟ್ಟಿರಲಿಲ್ಲ. ಅವುಗಳಲ್ಲಿಯೂ ಹೆಚ್ಚಿನವು ಪಟ್ಟಣಗಳಲ್ಲಿ. ಅರವತ್ತು ಎಪ್ಪತ್ತು ಫೋನು ಬೇಡುವ, ಬೇಸಿಗೆಯಲ್ಲಿ ಕಾಯುವ, ಮಳೆಗಾಲದಲ್ಲಿ ಕರೆಂಟು ಹೋಗುವ ಊರಿಗೆ ತಕ್ಕ ಯಂತ್ರವನ್ನು ಹೊರದೇಶದ ಯಾವ ಕಂಪನಿಯೂ ಮನಸ್ಸಿಟ್ಟು ಮಾಡಿರಲಿಲ್ಲ. ಮಾಡಲು ಅವರಿಗೆ ಅಂಥ ಊರುಗಳಿರಲಿಲ್ಲ ಎನ್ನೋಣ.

ಆ ಕೆಲಸಕ್ಕೆ 1984ರ ಆಗಸ್ಟಿನಲ್ಲಿ ಸಿ-ಡಾಟ್ ಎಂಬ ಸಂಶೋಧನ ಕೇಂದ್ರ ಹುಟ್ಟಿತು. ಅಮೆರಿಕದಲ್ಲಿ ಟೆಲಿಫೋನ್ ಯಂತ್ರಗಳ ವಿದ್ಯೆ ಕಲಿತು ಬಂದ ಸ್ಯಾಮ್ ಪಿತ್ರೋಡಾ ಅದರ ಸಲಹೆಗಾರ. ಇಲಾಖೆಯ ಹಿರಿಯ ಎಂಜಿನಿಯರ ಜಿ. ಬಿ. ಮೀಮಾಂಸಿ ಅದರ ಕಾರ್ಯನಿರ್ವಾಹಕ ನಿರ್ದೇಶಕ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಿಂದಲೂ ಇಲಾಖೆಯ ಸಂಶೋಧನ ಕೇಂದ್ರದಿಂದಲೂ ತಜ್ಞರು ಬಂದರು; ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಸೇರಿದರು. 36 ತಿಂಗಳು, 36 ಕೋಟಿ ರೂಪಾಯಿ ಎಂದು ಗಡುವು ಹಾಕಿಕೊಂಡರು. ಅವರು ಮೊದಮೊದಲು ಕೈಗೆತ್ತಿಕೊಂಡು ಮುಗಿಸಿದವುಗಳಲ್ಲಿ ಒಂದು 128 ಬಾಯಿಗಳ ಸಣ್ಣ ಗ್ರಾಮೀಣ ಎಕ್ಸ್‌ಚೇಂಜು. ರ‍್ಯಾಕ್ಸ್ ಎಂದು ಅದರ ಅಡ್ಡಹೆಸರು. ಬಾಯಿಗಳಲ್ಲಿ ಹೆಚ್ಚಿನವು ಊರಿನ ಚಂದಾದಾರರಿಗೆ. ಉಳಿದವು ಹೊರಗಿನ ದೊಡ್ಡ ಎಕ್ಸ್‌ಚೇಂಜಿಗೆ ಹೋಗುವ ದಾರಿಗಳು. ಆಕಾರದಲ್ಲಿ ಮನೆಯ ಕಪಾಟಿನಷ್ಟು. ಒಳಗೆ ಏರುವ ತೋಳಿಲ್ಲ, ತಿರುಗುವ ಗಾಲಿಯಿಲ್ಲ. ಮೈಕ್ರೊಪ್ರೊಸೆಸರ್ ಎಂಬ ಚಿಪ್ಪು ಮತ್ತು ಅದಕ್ಕೆ ಬರೆದುಕೊಟ್ಟ ಆದೇಶಗಳು. ಕೆಟ್ಟರೆ ಹಲಗೆಯಂಥ ಒಂದು ಕಾರ್ಡನ್ನು ಎಳೆದು ಇನ್ನೊಂದನ್ನು ತುರುಕಿದರೆ ಸಾಕು. ಮುಖ್ಯವಾದ ಸಂಗತಿಯೆಂದರೆ ಅದಕ್ಕೆ ತಂಪು ಹವೆಯ ಯಂತ್ರ ಬೇಡ. ಅದನ್ನು ರಚಿಸಿದವರು ನಮ್ಮ ಸೆಕೆ, ಧೂಳು, ಬಿಡುವಿಲ್ಲದ ಕರೆಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು.

ಈ ಯಂತ್ರವನ್ನು ಜನರ ನಡುವೆ ಇಟ್ಟು ಮೊದಲು ಪರೀಕ್ಷಿಸಿದ್ದು ಕಿತ್ತೂರಿನಲ್ಲಿ, 1986ರ ಜುಲೈ ತಿಂಗಳು. ಆಗ ಕಿತ್ತೂರು ಬೈಲಹೊಂಗಲ ತಾಲೂಕಿನ ಒಂದು ಊರು. ಹೊರಗಿನವರು ಅಲ್ಲಿಗೆ ಬರುತ್ತಿದ್ದುದು ಪಾಳುಬಿದ್ದ ಕೋಟೆಯನ್ನು ನೋಡಲು. ಸಾಮ್ರಾಜ್ಯದ ತಂತಿ ಬಳಸಿಕೊಂಡು ಹೋದ ಸೀಮೆಯಲ್ಲಿಯೇ ದೇಶದ ಹಳ್ಳಿಗಳ ಸಲುವಾಗಿ ರಚಿಸಿದ ಯಂತ್ರ ಮೊದಲ ಮಾತನ್ನಾಡಿತು. ಅಲ್ಲಿ ಅದು ಮಳೆಗಾಲ ಬೇಸಿಗೆಗಳನ್ನು ತಾಳಿತೆಂಬ ಭರವಸೆಯ ಮೇಲೆ ಅದರ ವಿದ್ಯೆಯನ್ನು ಹಲವಾರು ಕಾರಖಾನೆಗಳಿಗೆ ಹಂಚಿದರು. ಮುಂದಿನ ಹತ್ತು ವರುಷಗಳಲ್ಲಿ ಇಂಥ ಎಕ್ಸ್‌ಚೇಂಜುಗಳು ಸಾವಿರಗಟ್ಟಲೆ ಹಳ್ಳಿಗಳಿಗೆ ಹೋದವು. ಇವುಗಳಿಂದಲೂ ಎಸ್.ಟಿ.ಡಿ. ದಾರಿಗಳು ಹರಡಿದ್ದರಿಂದಲೂ ಊರೂರಿನ ಬಸ್ ನಿಲ್ದಾಣದಲ್ಲಿ ಹಳದಿ ಬಣ್ಣದ ಫಲಕ ತೂಗುವ ಫೋನಿನ ಗೂಡಂಗಡಿ ಎದ್ದಿತು. ದಂಡಿನಲ್ಲಿದ್ದ ಮಗನ ಫೋನು ರವಿವಾರ ಬರುತ್ತದೆಂದು ತಾಯಂದಿರು ಅದರ ಮುಂದೆ ಬಂದು ಕೂಡ್ರುತ್ತಿದ್ದುದನ್ನು ನಮ್ಮ ಜಿಲ್ಲೆಯ ಜನ ಬಲ್ಲರು.

ದೊಡ್ಡ ಕಂಪನಿಗೆ ಇದರಿಂದ ಏನಾಯಿತು? ಐ.ಟಿ.ಐ. ಕೂಡ ಈ ಯಂತ್ರಗಳನ್ನು ಮಾಡಿತು. ಆದರೆ ಅದೀಗ ಹಲವರಲ್ಲಿ ಒಂದು. ಮನೆಯ ಫೋನು ತಯಾರಿಸಲು ಖಾಸಗಿಯವರಿಗೆ 1984ರಲ್ಲಿಯೇ ಅನುಮತಿ ಸಿಕ್ಕಿತ್ತು. 1991ರ ನಂತರ ದೊಡ್ಡ ಎಕ್ಸ್‌ಚೇಂಜುಗಳ ಬಾಗಿಲೂ ಹೊರಗಿನವರಿಗೆ ತೆರೆಯಿತು. ಗಿರಾಕಿಯಾಗಿದ್ದ ಇಲಾಖೆಯೇ ಒಡೆದುಕೊಂಡಿತು: 1985ರಲ್ಲಿ ಅಂಚೆ ಬೇರೆ, ದೂರಸಂಪರ್ಕ ಬೇರೆ, 1986ರಲ್ಲಿ ದಿಲ್ಲಿ ಮುಂಬಯಿಗಳಿಗೆ ಎಂ.ಟಿ.ಎನ್.ಎಲ್.; 2000ದ ಅಕ್ಟೋಬರ್ 1ರಂದು ಉಳಿದ ದೇಶಕ್ಕೆ ಬಿ.ಎಸ್.ಎನ್.ಎಲ್. ಟೆಂಡರು ಕರೆದು ಅಗ್ಗದಲ್ಲಿ ಕೊಟ್ಟವರಿಂದ ಕೊಳ್ಳುವ ಕಾಲ ಬಂದಾಗ, ಬೆಲೆಯನ್ನು ವೆಚ್ಚದ ಮೇಲೆ ಕಟ್ಟಿ ರೂಢಿಯಾಗಿದ್ದ ಕಂಪನಿ ಏದುಸಿರುಬಿಟ್ಟಿತು. ನಷ್ಟ ಸೇರಿತು, ಜನ ಸ್ವಯಂ ನಿವೃತ್ತಿ ಪಡೆದು ಹೊರಬಿದ್ದರು. 2014ರಲ್ಲಿ ಕೇಂದ್ರ ಸರಕಾರ ಅದರ ಪುನಶ್ಚೇತನಕ್ಕೆ ಯೋಜನೆಯೊಂದನ್ನು ಒಪ್ಪಿತು. ಮೈಸೂರು ಸರಕಾರದ ಹಳೆಯ ಪಾಲು ಕರ್ನಾಟಕದ ರಾಜ್ಯಪಾಲರ ಹೆಸರಿಗೆ ಬಂದು, ಕಂಪನಿಯ ಪುಸ್ತಕಗಳಲ್ಲಿ ಒಂದು ಸಾಲಾಗಿ ಉಳಿಯಿತು.

ಮೊಬೈಲಿನ ಕಾಲದ ಕೊಡುಕೊಳ್ಳುವಿಕೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕರ್ನಾಟಕದಲ್ಲಿ ಮೊದಲು ಪರವಾನಿಗೆ ಪಡೆದವುಗಳಲ್ಲಿ ಒಂದಾದ ಜೆ.ಟಿ. ಮೊಬೈಲ್ಸನ್ನು 1999ರಲ್ಲಿ ಏರ್‌ಟೆಲ್ಲಿನ ಭಾರತಿ ಕೊಂಡಿತು. ಇನ್ನೊಂದಾದ ಸ್ಪೈಸ್ ಐಡಿಯಾದ ಕೈಸೇರಿತು. ಐಡಿಯಾ 2018ರಲ್ಲಿ ವೊಡಾಫೋನಿನೊಡನೆ ಕೂಡಿತು. ಎತ್ತಿನ ಸಂತೆಯಲ್ಲಿಯೂ ಇಷ್ಟು ಬೇಗ ಹಗ್ಗ ಕೈ ಬದಲಾಯಿಸುವುದಿಲ್ಲ. ಮಹಾನಗರಗಳಿಂದ ಆರಂಭಿಸಿ ಹಳ್ಳಿಗೆ ಕೊನೆಗೆ ಬರುವ ಹಳೆಯ ರೂಢಿಯನ್ನು ಈ ಕಂಪನಿಗಳೂ ಮೊದಮೊದಲು ಪಾಲಿಸಿದವು. ಅವು ಬರುವಷ್ಟರಲ್ಲಿ ಹಳ್ಳಿಯವನು ಫೋನಿಗೆ ದುಡ್ಡು ಕೊಡುತ್ತಾನೆಂಬುದು ಹಳದಿ ಫಲಕದ ಅಂಗಡಿಗಳಿಂದ ಸಿದ್ಧವಾಗಿತ್ತು.

ತಂತಿ ಕಳಿಸುವ ಪದ್ಧತಿ 2013ರ ಜುಲೈಯಲ್ಲಿ ನಿಂತಿತು. ಕಾಕಾ ಅಷ್ಟು ದಿನ ಬದುಕಿರಲಿಲ್ಲ. ಆದರೆ ಮನೆಗೆ ಫೋನು ಬಂದದ್ದನ್ನು ಅವರು ಕಂಡರು. ಡಯಲು ತಿರುಗಿಸಿದ ಕೂಡಲೇ ಹುಬ್ಬಳ್ಳಿಯಿಂದ ಮಗಳು "ಯಾರು?" ಎಂದಾಗ ಅವರಿಗೆ ಮಾತೇ ಹೊರಡಲಿಲ್ಲ. ಬರೆಸಿ, ಕಾಯ್ದು, ಕೂಗಿಸಿಕೊಂಡು ಮಾತನಾಡಿ ರೂಢಿ. ಮುಂದೆಯೂ ಅವರು ಫೋನಿನಲ್ಲಿ ಗಟ್ಟಿಯಾಗಿ ಒದರುವುದನ್ನು ಬಿಡಲಿಲ್ಲ. "ಹುಬ್ಬಳ್ಳಿ ದೂರ ಐತಿ, ಹಗೂರ ಅಂದರ ಹ್ಯಾಂಗ ಕೇಳತೈತಿ?" ಎಂದು ಹೇಳಿ, ಓಣಿಗೆಲ್ಲ ಕೇಳುವಂತೆ ಮೊಮ್ಮಕ್ಕಳ ಕ್ಷೇಮಸಮಾಚಾರ ವಿಚಾರಿಸುತ್ತಿದ್ದರು.